ಸಂಘಕ್ಕೊಂದು ಡಿವಿಡಿ ಬರ್ನರ್

ಕುಮಟಾ ಮತ್ತು ಹೊನ್ನಾವರದ ನಡುವೆ ಇರುವ ಒಂದು ಸಣ್ಣ ಸಹಕಾರಿ ಸಂಘಕ್ಕೆ ನಾನು ಕಾರ್ಯದರ್ಶಿ. ನಮ್ಮಲ್ಲಿ ಕಸಬರಿಗೆ ಕೊಂಡರೂ ಅದರ ಹಿಂದೆ ಒಂದು ಕತೆ ಹುಟ್ಟುತ್ತದೆ. ಡಿವಿಡಿ ಬರ್ನರ್ ಕೊಳ್ಳಲು ಹೊರಟಾಗ ನಾಲ್ಕು ಹುಟ್ಟಿದವು.

ಸೀಲು

ಸಂಘದ ಗೋದಾಮಿನ ದಾರಿಗೆ ಎರಡೂ ಕಡೆಯ ಬೇಲಿಗಳು ಮುಂದೆ ಬಂದು, ಲಾರಿ ಒಳಗೆ ಬರುವುದೇ ನಿಂತಿತ್ತು. ಮನೆಮನೆಗೆ ಹೋಗಿ ಬೇಲಿ ಹಿಂದೆ ಸರಿಸಲು ಹೇಳುವ ಕೆಲಸವನ್ನು ವಾರ್ಷಿಕ ಸಭೆಯಲ್ಲಿ ಒಬ್ಬ ಹಿರಿಯ ಸದಸ್ಯರಿಗೆ ವಹಿಸಿದರು. ಮರುದಿನ ಕಚೇರಿ ಬಾಗಿಲು ತೆಗೆಯುವಾಗಲೇ ಅವರು ನಿಂತಿದ್ದರು.

"ನಾನು ಒಪ್ಪಿದ್ದೇ ಇಲ್ಲ ಸೆಕ್ರೆಟರಿಯವರೇ. ಮೊದಲನೇ ಬೇಲಿಯೇ ನನ್ನ ಬೀಗರದ್ದು. ಮಗಳನ್ನು ಕೊಟ್ಟು ಇನ್ನೂ ವರ್ಷ ಆಗ್ಲಿಲ್ಲ. ಅಲ್ಲಿ ಹೋಗಿ ಎಂತ ಹೇಳೂದು?"

ಸಭೆಯಲ್ಲಿ ಆ ಹೊತ್ತಿಗೆ ನಾನು ತಲೆ ತಗ್ಗಿಸಿ ನಡಾವಳಿ ಬರೆಯುತ್ತಿದ್ದೆ, ಏನೂ ನೋಡಿರಲಿಲ್ಲ. ಆದರೆ ಸಭೆಯ ವಿಡಿಯೋ ಇತ್ತು. ಅದರ ಪ್ರತಿ ಸಿಕ್ಕರೆ ಆಡಳಿತ ಮಂಡಳಿಗೆ ತೋರಿಸಿ ತಮ್ಮ ಹೆಸರು ತೆಗೆಸುವುದು ಅವರ ಯೋಚನೆ. ವಾಟ್ಸಾಪಿನಲ್ಲಿ ಕಳಿಸುತ್ತೇನೆ ಎಂದೆ. ಅಧ್ಯಕ್ಷರು ತಡೆದರು.

"ಪ್ರತಿ ಅಂದ್ರೆ ಸಂಘದ ಸೀಲು ಬೀಳಬೇಕು. ಡಿವಿಡಿ ಮಾಡಿ ಕೊಡಿ."

"ಪೆನ್‌ಡ್ರೈವಿನಲ್ಲಿ ಕೊಟ್ಟರೆ?"

ಅಧ್ಯಕ್ಷರು ಸೀಲನ್ನು ಕೈಗೆತ್ತಿಕೊಂಡು ನೋಡಿದರು. "ಪೆನ್‌ಡ್ರೈವಿಗಿಂತ ನಮ್ಮ ಸೀಲೇ ದೊಡ್ಡದು."

ಮೂರು ಕೊಟೇಶನ್

ಡಿವಿಡಿ ಬರೆಯುವ ಬರ್ನರ್ ಕಚೇರಿಯಲ್ಲಿ ಇರಲಿಲ್ಲ. ಅದಕ್ಕೆ ಮಂಜೂರಾದದ್ದು ಒಂದೂವರೆ ಸಾವಿರ. ಕಂಪ್ಯೂಟರಿನ ಒಳಗೇ ಕೂರಿಸುವ ಬರ್ನರ್ ಅಗ್ಗ, ಆದರೆ ನಮ್ಮ ಕಂಪ್ಯೂಟರಿನಲ್ಲಿ ಅದಕ್ಕೆ ಜಾಗವಿಲ್ಲ. ವಯರಿನಿಂದ ಹೊರಗೆ ಜೋಡಿಸುವಂಥದ್ದೇ ಬೇಕು. ಸಂಘದ ನಿಯಮದ ಪ್ರಕಾರ ಮೂರು ಅಂಗಡಿಗಳ ಕೊಟೇಶನ್ ಬೇಕು. ಕುಮಟಾ, ಹೊನ್ನಾವರ, ಭಟ್ಕಳ ಮೂರೂ ತಿರುಗಿ ತಂದೆ. ಮಂಡಳಿ ಕುಮಟಾದವನದ್ದು ಎಲ್ಲಕ್ಕಿಂತ ಕಡಿಮೆ ಎಂದು ಒಪ್ಪಿತು.

ಆರ್ಡರ್ ಹಿಡಿದು ಕುಮಟಾಕ್ಕೆ ಹೋದೆ. ಅಂಗಡಿಯವನು ಮುಖ ನೋಡಿದ.

"ಅದು ನಮ್ಮಲ್ಲಿ ಇಲ್ಲ ಸರ್. ಬರೂದು ನಿಂತು ಎಷ್ಟೋ ಕಾಲ ಆತು."

"ಮತ್ತೆ ಕೊಟೇಶನ್ ಕೊಟ್ಟದ್ದು?"

"ನೀವು ದರ ಕೇಳಿದ್ರಿ, ಕೊಟ್ಟೆ. ಮಾಲು ಇದೆಯಾ ಅಂತ ಕೇಳ್ಲೇ ಇಲ್ಲ."

ಹೊನ್ನಾವರದಲ್ಲಿಯೂ ಇದೇ ಉತ್ತರ ಬಂತು. ನಿಜವಾಗಿ ಬರ್ನರ್ ಇದ್ದದ್ದು ಭಟ್ಕಳದಲ್ಲಿ ಮಾತ್ರ, ಅವನ ದರ ನಮ್ಮ ಮಂಜೂರಾತಿಗಿಂತ ಮೇಲೆ. ಬಸ್ ಹತ್ತಿ ಹೋಗಿ ಕುಮಟಾದ ಕೊಟೇಶನ್ ಅವನ ಮುಂದಿಟ್ಟು, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವನು ಅದನ್ನು ಎರಡು ಸಲ ಓದಿದ.

"ಇಲ್ಲದವರೇ ಇಷ್ಟು ಕಮ್ಮಿಗೆ ಕೊಡುವಾಗ, ಇದ್ದವ ನಾನು ಕೊಡದಿದ್ರೆ ಹೇಗೆ ಸಾಬ್? ತಗೊಳ್ಳಿ."

ಗ್ಯಾರಂಟಿ ಕೇಳಿದೆ. ಪೆಟ್ಟಿಗೆಯ ಧೂಳು ಒರೆಸಿ ತೋರಿಸಿದ. "ಎರಡು ವರ್ಷ ಅಂತ ಬರೆದಿದೆ. ಇದು ನಮ್ಮ ಕಪಾಟಿಗೆ ಬಂದೇ ಆರು ವರ್ಷ ಆಯ್ತು."

ಖಾಲಿ ಡಿಸ್ಕ್

ಬರ್ನರ್ ಬಂತು. ಡಿಸ್ಕಿಗೆ ಮಂಜೂರಾತಿ ಇರಲಿಲ್ಲ. ಪ್ರತಿ ಬೇಕಾದವರೇ ತರಲಿ ಎಂದರು ಅಧ್ಯಕ್ಷರು. ಹಿರಿಯ ಸದಸ್ಯರು ಮನೆಯಿಂದ ಒಂದು ತಂದುಕೊಟ್ಟರು. ಹಾಕಿ ನೋಡಿದರೆ ಪೂರ್ತಿ ಸಿನಿಮಾ.

"ಇದರಲ್ಲಿ ಬರೆಯಲಿಕ್ಕಾಗುವುದಿಲ್ಲ, ಖಾಲಿ ಇರಬೇಕು" ಎಂದೆ.

"ಖಾಲಿ ಅಂತಲೇ ಇಟ್ಕೊಳ್ಳಿ. ಮನೆಯವರೆಲ್ಲ ನೋಡಿ ಮುಗಿಸಿದ್ದಾರೆ."

ಕೊನೆಗೆ ವಿಡಿಯೋ ತೆಗೆದಿದ್ದ ಸ್ಟುಡಿಯೋದವನೇ ಕನಿಕರದಿಂದ ಖಾಲಿ ಡಿಸ್ಕ್ ಒಂದನ್ನು ಕೊಟ್ಟ.

ಮೂರನೇ ಸಾಲು

ಮಂಡಳಿಯ ಸಭೆಯಲ್ಲಿ ಡಿಸ್ಕ್ ಹಾಕಿದೆ. ಹಿರಿಯ ಸದಸ್ಯರು ಕಂಪ್ಯೂಟರಿಗೆ ಎಲ್ಲರಿಗಿಂತ ಹತ್ತಿರ ಕೂತರು. ಪರದೆಯಲ್ಲಿ ಅಧ್ಯಕ್ಷರು ಕೇಳುತ್ತಿದ್ದರು: "ಬೇಲಿಯ ಕೆಲಸಕ್ಕೆ ಯಾರು ಮುಂದೆ ಬರ್ತೀರಿ?" ಆಗ ಮೂರನೇ ಸಾಲಿನಿಂದ ಒಂದು ಕೈ ನೆಟ್ಟಗೆ ಮೇಲೆದ್ದಿತು. ಎದ್ದದ್ದಷ್ಟೇ ಅಲ್ಲ, ಎರಡು ಸಲ ಬೀಸಿತು. ಕೈ ಈ ಹಿರಿಯ ಸದಸ್ಯರದೇ.

"ಹಿಂದೆ ಹಾಕಿ" ಎಂದರು ಅವರು. ಹಾಕಿದೆ. ಕೈ ಮತ್ತೆ ಎದ್ದಿತು.

"ಅದು ಚಹಾದವನನ್ನು ಕರೆದದ್ದು" ಎಂದರು ಮೆಲ್ಲಗೆ. "ಮೂಲೆಯಲ್ಲಿ ನೋಡಿ, ಕಿಟ್ಲಿ ಕಾಣ್ತದೆ."

ಕಿಟ್ಲಿ ಕಾಣುತ್ತಿತ್ತು. ಅಧ್ಯಕ್ಷರು ಕೇಳಿದರು, "ಚಹಾ ಬಂತಾ?"

"ಇಲ್ಲ."

"ಅವನಿಗೆ ನಿಮ್ಮ ಕೈ ಕಾಣಲಿಲ್ಲ. ನನಗೆ ಕಂಡಿತು. ಅಷ್ಟೇ."

ಹೆಸರು ಉಳಿಯಿತು. ಅವರು ಡಿಸ್ಕ್ ಚೀಲಕ್ಕೆ ಹಾಕಿಕೊಂಡು ಹೋದರು. ಮರುವಾರ ನೋಡಿದರೆ ಬೀಗರ ಬೇಲಿ ಒಂದು ಮಾರು ಹಿಂದೆ ಸರಿದಿತ್ತು. ಅಲ್ಲಿ ಏನು ಹೇಳಿದಿರಿ ಎಂದು ಹಿರಿಯರನ್ನು ಕೇಳಿದೆ.

"ಎಂತದೂ ಹೇಳ್ಲಿಲ್ಲ ಮಾರಾಯ್ರೆ. ಬಾಯೇ ಬರ್ಲಿಲ್ಲ. ಕೂತ ಕೂಡಲೇ ಚಹಾ ತಂದ್ರು. ನನಗೆ ಈಗ ಚಹಾ ಕಂಡ್ರೆ ಹೆದರಿಕೆ, ಬೇಡ ಅಂದೆ. ಬೇಲಿ ಕೆಲಸ ನನಗೆ ಬಿದ್ದದ್ದು ಅವರಿಗೆ ಗೊತ್ತಿತ್ತು. ನಾನು ಚಹಾ ಮುಟ್ಟದಷ್ಟು ಸಿಟ್ಟಾಗಿದ್ದೇನೆ ಅಂತ ತಿಳ್ಕೊಂಡು ಅವರು ಆ ದಿನವೇ ಬೇಲಿ ಕಿತ್ರು."