ಬಸಗೌಡರ ಮಣ್ಣಿಗೆ ಹೊರಟ ಕಾರು

1989ರ ಮಾಘ ಮಾಸ, ಸೋಮವಾರ, ಬೆಳಿಗ್ಗೆ ಏಳು ಗಂಟೆ. ಸ್ಥಳ: ಚಿಕ್ಕೋಡಿ, ನಮ್ಮ ಮನೆಯ ಪಕ್ಕದ ತಗಡಿನ ಶೆಡ್ಡು. ಹಾಜರಿದ್ದವರು: ನಾನು, ನನ್ನ ಹೆಂಡತಿ ಗಿರಿಜಾ, ಮತ್ತು ಹಿಂದಿನ ಕಬ್ಬಿನ ಹಂಗಾಮಿನಿಂದ ಅಲ್ಲಿಂದ ಕದಲದ ನಮ್ಮ ಕಾರು.

ಸ್ವಲ್ಪ ಹೊತ್ತಿನ ಮೊದಲು ಪಕ್ಕದ ಮನೆಗೆ ಅಥಣಿಯಿಂದ ಫೋನು ಬಂದಿತ್ತು. ಗಿರಿಜಾಳ ಅಣ್ಣ ಬಸಗೌಡರು ಬೆಳಗಿನ ಜಾವ ತೀರಿಕೊಂಡಿದ್ದರು. ಕೊಕಟನೂರಿನ ಹತ್ತಿರ ಅವರದೇ ದ್ರಾಕ್ಷಿ ತೋಟದಲ್ಲಿ ಮಣ್ಣು ಮಾಡುವುದು, ಮಧ್ಯಾಹ್ನ ಒಂದು ಗಂಟೆಗೆ.

ನಾನು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರನಾಗಿದ್ದು ನಿವೃತ್ತನಾದವನು. ಪ್ರಾರ್ಥನೆಯ ಗಂಟೆ ಬಾರಿಸಿದ ಮೇಲೆ ಬಂದ ಹುಡುಗರನ್ನು ಮೈದಾನದ ಗೆರೆಯ ಹೊರಗೆ ನಿಲ್ಲಿಸುತ್ತಿದ್ದೆ. ನಿವೃತ್ತಿಯ ನಂತರ ಹುಡುಗರು ಸಿಗದ ಕಾರಣ ಬೀಗರನ್ನು ಆ ಶಿಸ್ತಿಗೆ ಒಳಪಡಿಸಿದ್ದೆ. ಬಸಗೌಡರು ನನ್ನ ಶಿಸ್ತಿಗೆ ಎಂದೂ ಸಿಗಲಿಲ್ಲ. ತಮ್ಮ ಮದುವೆಯ ಅಕ್ಷತೆಗೇ ತಡವಾಗಿ ಬಂದ ಮನುಷ್ಯ. ನಾನು ಬೈದಾಗಲೆಲ್ಲ ಎಲೆ ಅಡಿಕೆ ಅಗಿಯುತ್ತ ಒಂದೇ ಮಾತು ಹೇಳುತ್ತಿದ್ದರು: "ಸಿಟ್ಟಾಗಬ್ಯಾಡ್ರಿ ಮಾಸ್ತರ. ಒಂದ್ ದಿವ್ಸ ನಿಮಗಿಂತ ಮೊದಲ ಹೋಗಿ ಕುಂತಿರ್ತೀನಿ, ನೋಡ್ರಿ ಬೇಕಾರ."

"ಎಂಟೂವರಿ ಎಸ್ಟಿಗೆ ಹೋಗೂಣ್ರಿ" ಎಂದಳು ಗಿರಿಜಾ. ಆಕೆಯ ಕಣ್ಣುಗಳು ಆಗಲೇ ಊದಿದ್ದವು.

"ಬಸ್ಸು ಊರೂರಿಗೆ ನಿಲ್ಲತೈತಿ. ಅಥಣ್ಯಾಗ ಇಳದು ಮತ್ತ ಟೆಂಪೋ ಹುಡಕಬೇಕು. ನಮ್ಮ ಕಾರ ಇದ್ದದ್ದು ಯಾವ ದಿವಸಕ್ಕ?"

ಕಾರಿನ ಸ್ಥಿತಿಯನ್ನು ಇಲ್ಲಿ ವಿನಯಪೂರ್ವಕ ನಿವೇದಿಸಬೇಕು. ಕಬ್ಬು ಹೇರಿಕೊಂಡು ಹೋಗುತ್ತಿದ್ದ ಚಕ್ಕಡಿಗೆ ನಾನು ಅದನ್ನು ಹಿಂದಿನಿಂದ ಗುದ್ದಿಸಿದ್ದೆ. ಒಂದು ದೀಪ ಉದುರಿ ಅಲ್ಲಿ ಗುಂಡಿ ಉಳಿದಿತ್ತು. ಬಾನೆಟ್ ಬಾಗಿ, ಮುಚ್ಚಲಾರದೆ, ಸೆಣಬಿನ ಹಗ್ಗದಲ್ಲಿ ಕಟ್ಟಿಸಿಕೊಂಡಿತ್ತು. ಆದರೂ ನಾನು ಅದನ್ನು ಕೈಬಿಟ್ಟಿರಲಿಲ್ಲ. ಪ್ರತಿ ಭಾನುವಾರ ತಪ್ಪದೆ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದೆ. ಒರೆಸಿದ ಕಾರು ಕೆಡುವುದಿಲ್ಲವೆಂಬುದು ನನ್ನ ನಂಬಿಕೆಯಾಗಿತ್ತು. ಒಮ್ಮೆಯೂ ಚಾಲೂ ಮಾಡಿ ನೋಡಿರಲಿಲ್ಲ. ಅದು ವೇಳಾಪಟ್ಟಿಯಲ್ಲಿ ಇರಲಿಲ್ಲ.

ಹಗ್ಗಕ್ಕೆ ನಾನೇ ಸ್ಕೌಟ್ ಗಂಟು ಹಾಕಿದ್ದೆ. ಎಳೆದಷ್ಟೂ ಬಿಗಿಯಾಗುವ ಗಂಟೆಂದು ಹುಡುಗರಿಗೆ ಕಲಿಸಿದ್ದು ಸುಳ್ಳಾಗಿರಲಿಲ್ಲ. ಕೊನೆಗೆ ಗಿರಿಜಾ ಈಳಿಗೆ ತಂದಳು. ಹಗ್ಗ ಕೊಯ್ದು ಬಾನೆಟ್ ಎತ್ತಿದರೆ ಬ್ಯಾಟರಿಯ ಪಕ್ಕದಲ್ಲಿ ಒಂದು ಕೋಳಿ ಕಾವಿಗೆ ಕುಳಿತು ನನ್ನನ್ನೇ ನೋಡುತ್ತಿತ್ತು. ದೀಪದ ಗುಂಡಿ ಅದರ ಹೆಬ್ಬಾಗಿಲು. ವಾರಕ್ಕೊಮ್ಮೆ ಒರೆಸುವವನಿಗೆ ಕೋಳಿ ಕಾಣಲಿಲ್ಲವೇ ಎಂದು ಕೇಳಬಹುದು. ನಾನು ಹೊರಗಿನಿಂದ ಒರೆಸುತ್ತಿದ್ದೆ.

ಎತ್ತಲು ಕೈ ಚಾಚಿದೆ.

"ತತ್ತಿ ಮುಟ್ಟಬ್ಯಾಡ್ರಿ" ಎಂದಳು ಗಿರಿಜಾ. "ಕೊಳ್ಳಾಗ ಲಿಂಗ ಐತಿ, ಅಣ್ಣನ ಮಣ್ಣಿಗೆ ಹೊಂಟೀವಿ."

ಹೀಗಾಗಿ ಕೋಳಿಯ ಮಾಲೀಕರನ್ನು ಕರೆಯಬೇಕಾಯಿತು. ಅವರು ಪಕ್ಕದ ಮನೆಯ ತಾತ್ಯಾ. ನಿಪ್ಪಾಣಿಯಲ್ಲಿ ತಂಬಾಕಿನ ವ್ಯಾಪಾರ ಮಾಡಿದವರು, ಮನೆಮಾತು ಮರಾಠಿ. ಈ ಕಾರನ್ನು ನನಗೆ ಮಾರಿದವರೂ ಅವರೇ. ಸೀಟುಗಳು ಈಗಲೂ ತಂಬಾಕು ನಾರುತ್ತವೆ.

"ಇಲ್ಲಿ ಐತೇನ್ರಿ ಇದು? ಬೆಕ್ಕ ಹಿಡೀತಂತ ತಿಳಿದಿದ್ದೆ" ಎನ್ನುತ್ತ ತಾತ್ಯಾ ಕೋಳಿಯನ್ನು ಕೆಳಗೆ ಬಿಟ್ಟು, ತತ್ತಿಗಳನ್ನು ತಮ್ಮ ಟೋಪಿಯಲ್ಲಿ ತುಂಬಿಕೊಂಡರು. ನಂತರ ಬ್ಯಾಟರಿಯತ್ತ ಬಗ್ಗಿದರು. ಅದರ ತುದಿಗಳಿಗೆ ಹಸಿರು ಬೆಳ್ಳಗಿನ ಹೊಟ್ಟು ಹತ್ತಿತ್ತು. "ಈ ಗಾಡಿ ಸ್ವಭಾವ ನನಗ ಗೊತ್ತೈತ್ರಿ. ಅಡಗಿ ಸೋಡಾ ತರ್ರಿ, ಬಿಸಿನೀರಾಗ ತೊಳದ್ರ ಆತು."

ಗಿರಿಜಾ ಸೋಡಾದ ಡಬ್ಬಿ ತಂದುಕೊಟ್ಟಳು. ತೊಳೆದೆವು. ಕೀಲಿಕೈ ತಿರುಗಿಸಿದೆ. ಕಾರು 'ಟಕ್' ಎಂದಿತು. ಇನ್ನೊಮ್ಮೆ ತಿರುಗಿಸಿದೆ. ಅಷ್ಟನ್ನೂ ಅನ್ನಲಿಲ್ಲ.

ಗಿರಿಜಾ ಚಪ್ಪಲಿ ಮೆಟ್ಟಿದಳು. "ನಾ ಎಸ್ಟಿಗೆ ಹೊಂಟೆ. ನನಗ ಅಣ್ಣನ ಮಾರಿ ನೋಡೂದೈತಿ. ಬರ್ತೀರೇನು?"

"ನೀ ನಡಿ. ನಿನಗಿಂತ ಮೊದಲ ನಾ ಅಲ್ಲಿರ್ತೀನಿ."

ಆಕೆ ಸೆರಗಿನಿಂದ ಮೂಗು ಒರೆಸಿಕೊಂಡು ಸ್ಟ್ಯಾಂಡಿನ ಕಡೆ ನಡೆದಳು. ನಾನು ಆಗಲೇ ಆಕೆಯ ಹಿಂದೆ ಓಡಿದ್ದರೆ ಈ ಬರಹದ ಅಗತ್ಯವೇ ಇರುತ್ತಿರಲಿಲ್ಲ.

"ಧಕ್ಕಾ ಹೊಡಸೂಣ್ರಿ" ಎಂದರು ತಾತ್ಯಾ. ನಮ್ಮ ಓಣಿ ಇಳಿಜಾರು. ಮೂಲೆಯ ಗಿರಣಿಯಲ್ಲಿ ಹಿಟ್ಟಿಗೆ ಕಾದು ನಿಂತಿದ್ದ ನಾಲ್ಕಾರು ಮಂದಿಯನ್ನು ಕರೆತಂದರು. ನಾನು ಅವರನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿ, ಸೀಟಿಯ ಸಂಕೇತಗಳನ್ನು ವಿವರಿಸಿದೆ. ಒಬ್ಬ ಕೇಳಿದ: "ಮಾಸ್ತರ, ಗಾಡಿ ದಬ್ಬೂದೋ, ಕವಾಯತೋ?"

ನಾನು ಒಳಗೆ ಕುಳಿತೆ. ತಾತ್ಯಾ ಹಿಂದಿನಿಂದ ದಬ್ಬುತ್ತ ಆಜ್ಞೆ ಕೊಡುವುದೆಂದು ತೀರ್ಮಾನವಾಯಿತು. ಕಾರು ನರಳುತ್ತ ಹೊರಟಿತು, ವೇಗ ಹಿಡಿಯಿತು. ಹಿಂದಿನಿಂದ ತಾತ್ಯಾ ಕೂಗಿದರು: "ಸೋಡಾ! ಮಾಸ್ತರ, ಸೋಡಾ!"

ಮರಾಠಿಯಲ್ಲಿ 'ಸೋಡಾ' ಎಂದರೆ 'ಬಿಡಿ'. ಕ್ಲಚ್ ಬಿಡಿ ಎಂದು ಅವರ ಅರ್ಥ. ಇಷ್ಟು ಮರಾಠಿ ಚಿಕ್ಕೋಡಿಯ ದನಗಳಿಗೂ ಬರುತ್ತದೆ, ನನಗೂ ಬರುತ್ತದೆ. ಆದರೆ ಆ ಬೆಳಿಗ್ಗೆ ನನ್ನ ತಲೆಯಲ್ಲಿ ಒಂದೇ ಸೋಡಾ ಇತ್ತು. ಗಿರಿಜಾಳ ಅಡಿಗೆಮನೆಯ ಆ ಡಬ್ಬಿಯನ್ನು ನಾನು ಕಾರಿನ ಟಾಪಿನ ಮೇಲೆ ಇಟ್ಟು ಮರೆತಿದ್ದೆ. ಅದು ಬೀಳುತ್ತಿದೆಯೆಂದು ತಿಳಿದು, ಅದನ್ನು ಉಳಿಸಲು, ಇದ್ದ ಬಲವನ್ನೆಲ್ಲ ಹಾಕಿ ಬ್ರೇಕು ಒತ್ತಿದೆ.

ಬಿದ್ದಿರದ ಡಬ್ಬಿ ಆಗ ಬಿತ್ತು. ಮುಂದಕ್ಕೆ ಜಾರಿ ಬಾನೆಟ್ಟಿನ ಮೇಲೆ ಒಡೆದುಕೊಂಡು, ಗಾಜಿಗೆಲ್ಲ ಬಿಳಿ ಪುಡಿ ಬಳಿಯಿತು. ಹೆಣದ ಹಣೆಗೆ ವಿಭೂತಿ ಹಚ್ಚಿದ ಹಾಗೆ. ಹಿಂದಿದ್ದವರು ಕಾರಿಗೆ, ಒಬ್ಬರು ಇನ್ನೊಬ್ಬರಿಗೆ ಬಡಿದುಕೊಂಡರು. ತಾತ್ಯಾ ಡಿಕ್ಕಿಯ ಮೇಲೆ ಮುಖ ಊರಿದ್ದರು. ಎದ್ದಾಗ ಅವರ ಹಲ್ಲಿನ ಸೆಟ್ಟು ಅವರ ಬಾಯಲ್ಲಿ ಇರಲಿಲ್ಲ. ಅದನ್ನು ಹುಡುಕಿ, ತೊಳೆದು, ಜೇಬಿಗೆ ಹಾಕಿಕೊಳ್ಳಲು ಸಾಕಷ್ಟು ಹೊತ್ತು ಹೋಯಿತು.

"ಈ ಸರ್ತಿ ಕನ್ನಡದಾಗ ಹೇಳ್ರಿ ತಾತ್ಯಾ" ಎಂದೆ.

ಅವರು ಬೊಚ್ಚು ಬಾಯಲ್ಲಿ ಏನೋ ಹೇಳಿದರು. ಅದು ಎರಡೂ ಭಾಷೆಯಲ್ಲ. ಆದರೆ ಬೈಗುಳವೆಂಬುದರಲ್ಲಿ ಸಂಶಯವಿರಲಿಲ್ಲ.

ಎರಡನೆಯ ಧಕ್ಕೆಗೆ ಓಣಿಯ ತುದಿಯಲ್ಲಿ, ಸಪಾಟು ರಸ್ತೆ ಸೇರುವಲ್ಲಿ, ಕ್ಲಚ್ ಬಿಟ್ಟೆ. ಕಾರು ಎರಡು ಸಲ ಕೆಮ್ಮಿ, ಕಪ್ಪು ಹೊಗೆ ಕಾರಿ, ಚಾಲೂ ಆಯಿತು. ಹಗ್ಗವಿಲ್ಲದ ಬಾನೆಟ್ ಚಪ್ಪಾಳೆ ತಟ್ಟುತ್ತಿತ್ತು. ಗಡಿಯಾರ ನೋಡಿದೆ. ಹತ್ತು. ರಾಯಬಾಗ, ಕುಡಚಿ, ಅಥಣಿ; ಮಣ್ಣಿಗಿಂತ ಮೊದಲೇ ಮುಟ್ಟುತ್ತೇನೆ. ಗಿರಣಿಯವರು ತಮ್ಮ ಪಾಳಿ ಬಂತೆಂದು ಮೇಲಕ್ಕೆ ಓಡಿದರು.

ಆಗ ನೆನಪಾಯಿತು: ಮನೆಗೆ ಕೀಲಿ ಹಾಕಿರಲಿಲ್ಲ.

ಕೀಲಿ ಹಾಕದೆ ನಾನು ಎಂದೂ ಊರು ಬಿಟ್ಟವನಲ್ಲ. ಓಣಿ ಹತ್ತಿ ಹೋದೆ, ಕೀಲಿ ಹಾಕಿದೆ, ಎರಡು ಸಲ ಜಗ್ಗಿ ನೋಡಿದೆ, ಟೋಪಿ ಸರಿಮಾಡಿಕೊಂಡು ಇಳಿದು ಬಂದೆ. ರಸ್ತೆ ಬಹಳ ಶಾಂತವಾಗಿತ್ತು. ತಾತ್ಯಾ ಹಲ್ಲು ಹಾಕಿಕೊಂಡು ಕಾರಿನ ಪಕ್ಕ ನಿಂತಿದ್ದರು.

"ಮಾಸ್ತರ, ಗಾಡಿ ಯಾಕ ಬಂದ್ ಮಾಡಿ ಹ್ವಾದ್ರಿ?"

ನಾನು ಕೈಯಲ್ಲಿದ್ದ ಗೊಂಚಲನ್ನು ನೋಡಿದೆ. ಮನೆಯ ಕೀಲಿಕೈ, ಕಾರಿನ ಕೀಲಿಕೈ, ಎರಡೂ ಒಂದೇ ಗೊಂಚಲಿನಲ್ಲಿ. ವಸ್ತುಗಳನ್ನು ಚದುರಿಸಿ ಇಡಬಾರದೆಂಬ ನಿಯಮ ನನ್ನದೇ.

ತಾತ್ಯಾ ಮೊದಲು ಮರಾಠಿಯಲ್ಲಿ ಮಾತಾಡಿದರು, ನಂತರ ಕನ್ನಡದಲ್ಲಿ. ಈ ಸಲ ಎರಡೂ ನನಗೆ ಪೂರ್ತಿ ತಿಳಿದವು. ಇನ್ನು ಇಳಿಜಾರೂ ಇರಲಿಲ್ಲ, ದಬ್ಬುವವರೂ ಇರಲಿಲ್ಲ. ಕೀಲಿಕೈ ತಿರುಗಿಸಿದಾಗ 'ಟಕ್' ಎಂಬುದೂ ಇರಲಿಲ್ಲ. ಸೀಟಿ ಮಾತ್ರ ಕೊರಳಲ್ಲಿ ತೂಗುತ್ತಿತ್ತು.

ಮುಂದಿನ ಬಸ್ಸಿನಲ್ಲಿ ನಿಂತುಕೊಂಡು ಹೋದೆ. ಅದು ಊರೂರಿಗೆ ನಿಂತಿತು. ಅಥಣಿಯಲ್ಲಿ ಇಳಿದು ಟೆಂಪೋ ಹುಡುಕಿದೆ. ನಾನು ಗಿರಿಜಾಳಿಗೆ ಹೇಳಿದ ಒಂದೊಂದು ಮಾತೂ ನಿಜವಾಯಿತು.

ತೋಟ ಮುಟ್ಟಿದಾಗ ಬಿಸಿಲು ಇಳಿಯುತ್ತಿತ್ತು. ಜನ ಪಂಪಿನ ನೀರಿನಲ್ಲಿ ಕಾಲು ತೊಳೆದು ಚದುರುತ್ತಿದ್ದರು. ದ್ರಾಕ್ಷಿ ಸಾಲಿನ ಕೊನೆಗೆ ಹಸಿ ಮಣ್ಣಿನ ದಿಬ್ಬ, ಮೇಲೆ ಪತ್ರಿ, ಹೂವು. ಪಕ್ಕದಲ್ಲಿ ಗಿರಿಜಾ ಒಬ್ಬಳೇ ಕುಳಿತಿದ್ದಳು. ನನ್ನ ಅಂಗಿಗೆ ಹತ್ತಿದ್ದ ಬಿಳಿ ಪುಡಿ ನೋಡಿದಳು.

"ಒಂದ್ ತಾಸ ನಿಮ್ಮ ಸಲುವಾಗಿ ತಡದ್ವಿ" ಎಂದಳು. "ಮಾಸ್ತರ ಬರದ ಇರೂದಿಲ್ಲ, ವ್ಯಾಳ್ಯಾದ ಮನಶ್ಯಾ ಅಂತ ಎಲ್ಲಾರೂ ಅಂದ್ರು. ಆಮ್ಯಾಗ ಅಯ್ಯನವರು ಸಾಕಂದ್ರು."

ನಮ್ಮಲ್ಲಿ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ, ಕುಳ್ಳಿರಿಸಿ ಮಣ್ಣು ಮಾಡುತ್ತೇವೆ. ಬಸಗೌಡರು ನನಗಿಂತ ಮೊದಲು ಬಂದು ಕುಳಿತಿದ್ದರು. ಮಾತಿನಂತೆ. ಜೊತೆಗೆ ನನಗಾಗಿ ಒಂದು ತಾಸು ಕಾದಿದ್ದರು, ಬೈಯದೆ.

ಮಣ್ಣಿನ ಅಂಚು ಬಂದಲ್ಲಿ ನನ್ನ ಕಾಲುಗಳು ತಾವಾಗಿಯೇ ನಿಂತವು.

"ಅಲ್ಲೇ ಯಾಕ ನಿಂತೀರಿ?" ಎಂದಳು ಗಿರಿಜಾ. "ಗೆರಿ ಯಾರೂ ಕೊರದಿಲ್ಲ. ಒಳಗ ಬರ್ರಿ."

ಹೋದೆ. ಬಗ್ಗಿ ಒಂದು ಹಿಡಿ ಮಣ್ಣು ಎತ್ತಿ ದಿಬ್ಬದ ಮೇಲೆ ಹಾಕಿದೆ, ಕೈ ಝಾಡಿಸಿಕೊಂಡೆ. ಅಂದು ನಾನು ಹಿಡಿದು ಮುಗಿಸಿದ ಕೆಲಸ ಅದೊಂದೇ. ಅದನ್ನೂ ಅವರಿಗೆ ನನ್ನ ಅಗತ್ಯ ಮುಗಿದ ಮೇಲೆ ಮಾಡಿದೆ.