ಸಮುದ್ರದ ಕಡೆಗೆ ಹೋದ ಸೈಕಲ್ಲು

ಇಷ್ಟೆಲ್ಲ ಫಜೀತಿಗೆ ಕಾರಣ ಒಂದು ಕಂಬ.

ಸಾಲ್ವೆರ್ ಊರಿನಿಂದ ಸಮುದ್ರದ ತೂಬಿನವರೆಗೆ ಜೌಗಿನ ನಡುವೆ ಏಳು ಕಿಲೋಮೀಟರ್ ಸೈಕಲ್ ದಾರಿಯಿದೆ. ಎರಡು ಕಡೆಯೂ ಕಾಲುವೆ, ಅದರಾಚೆ ಜೊಂಡು, ಅದರಾಚೆ ಉಪ್ಪಿನ ಮಡಿಗಳು. ಮೋಟಾರು ಗಾಡಿಗೆ ಪ್ರವೇಶವಿಲ್ಲ. ತೂಬಿನಿಂದ ಮುಂದೆ ಬರೀ ನೀರಾದ್ದರಿಂದ ಹೋದವರು ಅದೇ ದಾರಿಯಲ್ಲಿ ಹಿಂದಿರುಗಬೇಕು. ಬೇಸಿಗೆಯಲ್ಲಿ ಚೀಲಗಳನ್ನು ನೇತುಹಾಕಿಕೊಂಡು ಬರುವ ಸೈಕಲ್ ಪ್ರವಾಸಿಗಳು ಹೀಗೆ ದಾರಿಯ ಬುಡದಲ್ಲಿರುವ ಬಾಸಿಲ್ ಗಾಬೊರಿಯ ಅಂಗಡಿಯಲ್ಲಿ ಹೋಗುವಾಗ ಒಂದು, ಬರುವಾಗ ಒಂದು ಕಾಫಿ ಕುಡಿಯುತ್ತಾರೆ. ಟ್ಯೂಬಿಗೆ ತೇಪೆ ಹಾಕಿಸಿಕೊಳ್ಳುತ್ತಾರೆ. ಸಮುದ್ರ ಎಷ್ಟು ದೂರ ಎಂದು ಕೇಳಿದರೆ ಬಾಸಿಲ್ ಇಪ್ಪತ್ತೆರಡು ವರ್ಷಗಳಿಂದ "ಇಲ್ಲೇ, ಮೂರು ಕಿಲೋಮೀಟರ್" ಎಂದೇ ಹೇಳುತ್ತ ಬಂದಿದ್ದ.

ಅಂಗಡಿಯೇ ಅವನ ಮನೆ. ಮುಂದೆ ಕಾಫಿ, ಹಿಂದೆ ಮಂಚ. ಹೆಂಡತಿ ತೀರಿಕೊಂಡ ಮೇಲೆ ಅವನಿಗೆ ಈ ಲೋಕದಲ್ಲಿ ತನ್ನದು ಅಂತ ಉಳಿದದ್ದು ಅದೊಂದೇ.

ಈ ವರ್ಷ ಜಿಲ್ಲಾ ಕಚೇರಿಯವರು ದಾರಿಯ ಅರ್ಧ ಕಿಲೋಮೀಟರಿನ ಹತ್ತಿರ ಡಾಂಬರಿನ ಕೆಳಗೆ ತಂತಿ ಹೂತು, ಪಕ್ಕದಲ್ಲಿ ಕಂಬ ನೆಟ್ಟರು. ಸೈಕಲ್ ದಾಟಿದರೆ ಕಂಬದ ಮೇಲಿನ ಕೆಂಪು ಅಂಕಿ ಒಂದು ಏರುತ್ತದೆ. ನಡೆದು ಹೋಗುವ ಮನುಷ್ಯ, ನಾಯಿ, ಹಸು ಯಾವುದೂ ಲೆಕ್ಕಕ್ಕಿಲ್ಲ. ಸೆಪ್ಟೆಂಬರ್ ಮೂವತ್ತರ ಮಧ್ಯಾಹ್ನ ಹನ್ನೆರಡಕ್ಕೆ ಇಪ್ಪತ್ತು ಸಾವಿರ ಮುಟ್ಟದಿದ್ದರೆ ದಾರಿಯನ್ನು ಜಲ್ಲಿ ಲಾರಿಗಳಿಗೆ ಬಿಟ್ಟುಕೊಡುವುದು, ತಿರುವಿಗೆ ಅಡ್ಡವಾಗಿರುವ ಬಾಸಿಲನ ಅಂಗಡಿಯನ್ನು ಕೆಡವುವುದು ಎಂದು ತೀರ್ಮಾನವಾಯಿತು. ಜೊತೆಗೆ ಊರಿನವರೆಲ್ಲರಿಂದ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಕೊನೆಯ ಮೂರು ದಿನ ಊರಿನ ಯಾರೊಬ್ಬರೂ ಆ ತಂತಿ ದಾಟಕೂಡದು, ಒಬ್ಬರು ಒಂದೇ ಸಲ ದಾಟಿದರೂ ಇಡೀ ವರ್ಷದ ಲೆಕ್ಕ ರದ್ದು.

ಮೂವತ್ತರ ಬೆಳಿಗ್ಗೆ ಬಾಸಿಲ್ ಎದ್ದು ನೋಡಿದಾಗ ಕಿಟಕಿಯಾಚೆ ಜೌಗೇ ಇರಲಿಲ್ಲ. ಅಷ್ಟು ದಟ್ಟ ಮಂಜು. ನಡೆದುಕೊಂಡೇ ಹೋಗಿ ಕಂಬ ನೋಡಿದ. ಮುನ್ನೂರು ಕಡಿಮೆಯಿತ್ತು. ಇಂಥ ಮಂಜಿನಲ್ಲಿ ಪ್ರವಾಸಿ ಬರುವುದು ಅಷ್ಟರಲ್ಲೇ ಇತ್ತು. ಅಂಗಡಿಗೆ ಮರಳಿ ಮೂಲೆಯ ಹಳೆಯ ಸೈಕಲ್ಲನ್ನು ಎಳೆದುಕೊಂಡು, ಕಾಗದವನ್ನೂ ಸಹಿಯನ್ನೂ ಮನಸ್ಸಿನಿಂದ ತಳ್ಳಿ ಹೊರಟ.

ಸಾಲ್ವೆರಿನಲ್ಲಿ ಮಂಜಿಗೊಂದು ಕಟ್ಟುಪಾಡಿದೆ. ಮಂಜಿನಲ್ಲಿ ಎದುರಿಗೆ ಯಾರದಾದರೂ ಸುಳಿವು ಸಿಕ್ಕಿದರೆ ನಿಂತು ತಮ್ಮ ಹೆಸರು ಕೂಗಬೇಕು, ಎದುರಿನವರೂ ಕೂಗಬೇಕು. ಕಾಲುವೆಗೆ ಬೀಳದಿರಲಿ ಅಂತ ಶುರುವಾದ ಪದ್ಧತಿ. ಹೆಸರು ಕೂಗದವರು ಬದುಕಿರುವವರಲ್ಲ ಎಂಬ ಮಾತನ್ನು ಅಜ್ಜಿಯರು ಆಮೇಲೆ ಸೇರಿಸಿದರು. ಐವತ್ತೊಂಬತ್ತು ವರ್ಷದ ಬಾಸಿಲ್ ಇದನ್ನು ನಂಬುವುದಿಲ್ಲ ಎಂದು ಅಂಗಡಿಯಲ್ಲಿ ಜೋರಾಗಿ ಹೇಳುತ್ತಿದ್ದ. ಮಂಜು ಬಿದ್ದ ದಿನ ಮಾತ್ರ ಹೊರಗೆ ಕಾಲಿಡುತ್ತಿರಲಿಲ್ಲ.

ತಂತಿ ದಾಟಿದ, ಹತ್ತು ಮಾರು ಹೋಗಿ ತಿರುಗಿದ, ಮತ್ತೆ ದಾಟಿದ. ಮೂವತ್ತು ಸಲ ಆಗುವಷ್ಟರಲ್ಲಿ ಮೊಣಕಾಲು ದೂರು ಹೇಳತೊಡಗಿತು. ಸುಧಾರಿಸಿಕೊಳ್ಳಲು ಕಂಬದ ಕೆಳಗೆ ನಿಂತ. ಅವನು ನಿಂತೇ ಇದ್ದ, ತಲೆಯ ಮೇಲೆ ಕೆಂಪು ಅಂಕಿ ಒಂದು ಏರಿತು. ಸ್ವಲ್ಪ ಹೊತ್ತಿಗೆ ಇನ್ನೊಂದು.

ಮೊದಲು ಅವನಿಗೆ ಸಂತೋಷವಾಯಿತು. ಆಮೇಲೆ ಅರ್ಥವಾಯಿತು. ಒದ್ದೆ ಡಾಂಬರಿನ ಮೇಲೆ ಗಾಲಿ ಉರುಳುವ ಸದ್ದು ಎರಡು ಮಾರು ಅಂತರದಲ್ಲಿ ಹಾದುಹೋಗುತ್ತಿತ್ತು, ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಹೆಸರು ಕೂಗಬೇಕೆಂದು ಬಾಯಿ ತೆರೆದವನು ಸಹಿ ನೆನಪಾಗಿ ಮುಚ್ಚಿಕೊಂಡ. ಕೂಗಿದರೆ ಅಂಗಡಿ ಹೋಯಿತು. ಆ ಕಡೆಯಿಂದಲೂ ಯಾರೂ ಕೂಗಲಿಲ್ಲ.

ಭಯ ಎಷ್ಟಿದ್ದರೂ ಅಂಕಿ ಬೇಕಲ್ಲ. ಬಾಸಿಲ್ ಬೆವರುತ್ತ ಮತ್ತೆ ತುಳಿದ. ಮಂಜಿನೊಳಗೆ ಒಮ್ಮೆ ಯಾರೋ ಕೆಮ್ಮಿದರು. ಥೇಟ್ ಮೇಯರ್ ಪೆಲೊಕ್ಯಾಂನ ಕೆಮ್ಮಿನ ಹಾಗಿತ್ತು, ಆದರೆ ಸಹಿ ಹಾಕಿದ ಮೇಯರ್ ಇಲ್ಲಿಗೇಕೆ ಬರುತ್ತಾನೆ? ಇದು ಮೇಯರನ ಸತ್ತ ಅಪ್ಪನೇ ಇರಬೇಕೆಂದು ಬಾಸಿಲ್ ಶಿಲುಬೆಯ ಗುರುತು ಹಾಕಿಕೊಂಡ. ಇನ್ನೊಮ್ಮೆ ಮೂಗಿಗೆ ಹಾವುಮೀನಿನ ವಾಸನೆ ಬಡಿಯಿತು. ಕಾಲುವೆಯಲ್ಲಿ ಮುಳುಗಿ ಸತ್ತವರಿಗೆ ಹಾವುಮೀನಿನ ವಾಸನೆ ಇರದೆ ಇನ್ನೇನಿರುತ್ತದೆ ಎಂದುಕೊಂಡ. ಮಂಜು ತೆಳುವಾದಾಗ ಕಂಬ ಮಾತ್ರ ಕೆಂಪಗೆ ಕಾಣುತ್ತಿತ್ತು, ಅಂಕಿ ತನ್ನಷ್ಟಕ್ಕೆ ತಾನು ಏರುತ್ತಿತ್ತು.

ಹನ್ನೊಂದೂವರೆಗೆ ಇಪ್ಪತ್ತು ಸಾವಿರ ದಾಟಿ ಮೇಲೆ ನಲವತ್ತಾಗಿತ್ತು. ಕೊನೆಯದಾಗಿ ಒಂದು ಸುತ್ತು ಎಂದು ಸಮುದ್ರದ ಕಡೆಗೆ ದಾಟಿದ. ಆಗ ಎದುರಿನಿಂದ, ಸಮುದ್ರದ ಕಡೆಯಿಂದಲೇ, ಇನ್ನೊಂದು ಗಾಲಿಯ ಸದ್ದು ಬಂತು. ಇದಕ್ಕೆ ಅವಸರವಿರಲಿಲ್ಲ. ಏದುಸಿರಿಲ್ಲ, ಸರಪಳಿಯ ಕಿರುಗುಟ್ಟಿಲ್ಲ. ಅವನ ಪಕ್ಕದಲ್ಲೇ ಹಾದು ಊರಿನ ಕಡೆಗೆ ಹೋಯಿತು, ಹೋಗುವಾಗ ಕೆನ್ನೆಗೆ ತಣ್ಣನೆಯ ಉಪ್ಪುಗಾಳಿ ಸೋಕಿತು. ಬಾಸಿಲ್ ಹಿಡಿದುಕೊಳ್ಳಲು ಏನಾದರೂ ಸಿಗಲಿ ಅಂತ ಪಕ್ಕಕ್ಕೆ ಕೈಚಾಚಿದ. ಸಿಕ್ಕಿದ್ದು ಒಂದು ಕೈ. ಒದ್ದೆಯಾದ, ತಣ್ಣಗಿನ, ಜಾರುವ ಕೈ.

ಸೈಕಲ್ ಕಾಲುವೆಗೆ ಬಿತ್ತು, ಹಿಂದೆಯೇ ಅವನೂ ಬಿದ್ದ. ಅಲ್ಲೇ ಇನ್ನೊಂದೇನೋ ದಪ್ಪನೆ ಬಿದ್ದ ಸದ್ದು ಕೇಳಿಸಿತು. ಕೆಸರಿನಿಂದ ಎದ್ದವನು ಸೈಕಲ್ಲಿನ ಕಡೆ ತಿರುಗಿಯೂ ನೋಡದೆ ಬರಿಗಾಲಲ್ಲಿ ಮನೆಗೆ ಓಡಿ, ಬಾಗಿಲು ಹಾಕಿ ಅಗುಳಿ ಜಡಿದ.

ನಾಲ್ಕು ಗಂಟೆಗೆ ಬಿಸಿಲು ಬಂತು, ಜಿಲ್ಲಾ ಕಚೇರಿಯಿಂದ ಮದಾಂ ತೆಸ್ಯೆ ಬಂದಳು. ತೆಳ್ಳಗಿನ ಹೆಂಗಸು, ಕೈಯಲ್ಲಿ ಒಂದು ಪೆಟ್ಟಿಗೆ. ಊರೆಲ್ಲ ಬಾಸಿಲನ ಅಂಗಡಿಯ ಮುಂದೆ ಸೇರಿತ್ತು. ಕಂಬದ ಹೊಟ್ಟೆ ಬಿಚ್ಚಿ ಲೆಕ್ಕ ತೆಗೆದುಕೊಂಡು ಬಂದ ಆಕೆ ಇಪ್ಪತ್ತು ಸಾವಿರದ ನಲವತ್ತೊಂಬತ್ತು ಎಂದಾಗ ಚಪ್ಪಾಳೆಯೋ ಚಪ್ಪಾಳೆ. ಮೇಯರ್ ಪ್ಯಾಂಟಿನ ಕೆಸರು ಒರೆಸಿಕೊಳ್ಳುತ್ತ, ಪ್ರವಾಸಿಗಳು ಊರಿನ ಮರ್ಯಾದೆ ಉಳಿಸಿದರು ಎಂದು ಭಾಷಣ ಮಾಡಿದ. ಪಕ್ಕದ ಮನೆಯ ಒದಿಲ್ ಬ್ರಿಯೋಶ್ ಎಂಬ ಸಿಹಿ ಬ್ರೆಡ್ಡನ್ನು ಕತ್ತರಿಸಿದಳು. ಗಂಡ ಸತ್ತ ಮೇಲೆ ಹಾವುಮೀನು ಹಿಡಿದು ಮಾರಿ ಬದುಕುವ ಅವಳು ಬಾಸಿಲನ ಅಂಗಡಿಯಲ್ಲಿ ಏನು ನಡೆದರೂ ತನ್ನದೇ ಮನೆ ಎಂಬಂತೆ ನುಗ್ಗುತ್ತಿದ್ದಳು. ಬಾಸಿಲನಿಗೆ ಕಣ್ಣು ತುಂಬಿ ಬಂತು. ಅಂಗಡಿ ಉಳಿಯಿತು.

"ಒಂದು ನಿಮಿಷ," ಎಂದಳು ಮದಾಂ ತೆಸ್ಯೆ. "ಈ ಯಂತ್ರ ಹೋದವರನ್ನು ಬೇರೆ, ಬಂದವರನ್ನು ಬೇರೆ ಎಣಿಸುತ್ತೆ. ನಿನ್ನೆ ಸಂಜೆವರೆಗೂ ಎರಡೂ ಸರಿಸಮ ಇತ್ತು. ಇವತ್ತು ಮಾತ್ರ ಸಮುದ್ರದ ಕಡೆಗೆ ಹೋದ ಒಂದು ಸೈಕಲ್ ವಾಪಸ್ ಬಂದಿಲ್ಲ."

ಬಾಸಿಲ್ ಕೈಯಲ್ಲಿದ್ದ ಬ್ರಿಯೋಶನ್ನು ತಟ್ಟೆಗೆ ವಾಪಸ್ ಇಟ್ಟ. ಆ ಒಂದು ಸೈಕಲ್ ಯಾರದು ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ನಾನೇ ಎಂದರೆ ಲೆಕ್ಕ ರದ್ದು, ಲಾರಿ ಬರುತ್ತದೆ. ಸುಮ್ಮನಿದ್ದರೆ ಅವರು ನೀರಿನಲ್ಲಿ ಹೆಣ ಹುಡುಕುತ್ತಾರೆ.

ಮದಾಂ ತೆಸ್ಯೆ ಹುಡುಕಿಸಿಯೇ ಹುಡುಕಿಸುತ್ತೇನೆ ಎಂದಳು. ನಾಳೆ ಬೆಳಿಗ್ಗೆ ಮುಳುಗುಗಾರರು ಬರುತ್ತಾರೆ, ಆ ಮನುಷ್ಯ ಸಿಗುವವರೆಗೆ ದಾರಿ ಬಂದ್, ಯಾರೂ ಆ ಕಡೆ ಹೋಗುವಂತಿಲ್ಲ, ಬರುವಂತಿಲ್ಲ. ಅಂಗಡಿಯ ಪಕ್ಕದಲ್ಲೇ ಆಳೆತ್ತರದ ಕಬ್ಬಿಣದ ಗೇಟು ಹಾಕಿಸಿ ಬೀಗ ಜಡಿದು, ಬೀಗದ ಕೈಯನ್ನು ಜೇಬಿಗಿಳಿಸಿ ಹೊರಟುಹೋದಳು. ಜನ ಪಿಸುಗುಟ್ಟುತ್ತ ಚದುರಿದರು.

ದೀಪ ಹಚ್ಚುವ ಹೊತ್ತಿಗೆ ಒದಿಲ್ ಹಿತ್ತಲ ಬಾಗಿಲಿನಿಂದ ಒಳಗೆ ಬಂದಳು. ಬಂದವಳೇ ಕುರ್ಚಿಯಲ್ಲಿ ಕುಸಿದು, ಒಂದು ಉಪಕಾರ ಮಾಡಬೇಕು ಎಂದಳು. ಮುಳುಗುಗಾರರು ಬರುವುದರೊಳಗೆ ಗೇಟಿನಾಚೆ ಕಾಲುವೆಯಿಂದ ಒಂದು ಸೈಕಲ್ ಎತ್ತಿ ತರಬೇಕಂತೆ.

"ಯಾರ ಸೈಕಲ್ಲು?" ಬಾಸಿಲ್ ತಡವರಿಸಿದ.

"ನನ್ನದೇ ಕಣೋ. ನಿನ್ನ ಅಂಗಡಿ ಬಿದ್ದುಹೋಗತ್ತಲ್ಲ ಅಂತ ಹೊಟ್ಟೆ ಉರಿದು, ಬೆಳಗಿಂದ ನಾನೂ ಆ ತಂತಿ ಮೇಲೆ ಓಡಾಡ್ದೆ. ಕೊನೇಲಿ ಮಂಜೊಳಗೆ ಏನೋ ನನ್ನ ಕೈ ಹಿಡ್ಕೊಳ್ತು ಬಾಸಿಲ್. ಬಿಸಿ ಬಿಸಿ ಕೈ, ಬೆವರಿತ್ತು. ಸೈಕಲ್ ಬಿಸಾಕಿ ಓಡಿದೆ. ದೇವರಾಣೆ, ಇನ್ನೂ ನಡುಕ ನಿಂತಿಲ್ಲ."

ಬಾಸಿಲ್ ಒಂದು ಕ್ಷಣ ಅವಳನ್ನೇ ನೋಡಿದ. ಆಮೇಲೆ ಅವನಿಗೆ ನಗು ತಡೆಯಲಾಗಲಿಲ್ಲ. ಮೇಜು ಗುದ್ದಿ ಗುದ್ದಿ ನಕ್ಕ. ಆ ಕೈ ತನ್ನದೇ ಎಂದ. ಹಾವುಮೀನಿನ ವಾಸನೆಯ ದೆವ್ವ ಯಾರೆಂದು ಈಗ ತಿಳಿಯಿತು ಎಂದ. ತನ್ನ ಸೈಕಲ್ಲೂ ಅಲ್ಲೇ ಬಿದ್ದಿದೆ ಎಂದ. ಒದಿಲಳೂ ಏಪ್ರನ್ನಿನಲ್ಲೇ ಕಣ್ಣೊರೆಸಿಕೊಂಡು ನಕ್ಕಳು. ಇಬ್ಬರೂ ಒಂದೊಂದು ಲೋಟ ದ್ರಾಕ್ಷಿಮದ್ಯ ಸುರಿದುಕೊಂಡರು.

"ನೀನೇ ಅಲ್ವಾ," ಬಾಸಿಲ್ ಕೇಳಿದ, "ಅದಕ್ಕೆ ಮುಂಚೆ ಸಮುದ್ರದ ಕಡೆಯಿಂದ ನನ್ನ ಪಕ್ಕದಲ್ಲೇ ಹಾದುಹೋಗಿದ್ದು?"

"ನಾನೆಲ್ಲಿ? ನಾನು ಆ ಕಡೆಗೇ ಹೋಗ್ತಿದ್ದೆ, ನಿನ್ನ ಹಿಂದೇನೇ ಇದ್ದೆ."

ಒದಿಲಳ ಲೋಟ ಬಾಯಿಯ ಹತ್ತಿರ ನಿಂತಿತು. ಅವಳು ಎಡಗೈಯ ಬೆರಳುಗಳನ್ನು ಮಡಿಸಿದಳು, ಬಿಡಿಸಿದಳು, ಮತ್ತೆ ಮಡಿಸಿದಳು.

"ನಿಂದೊಂದು ಹೋಯ್ತು, ಬರಲಿಲ್ಲ. ನಂದೊಂದು ಹೋಯ್ತು, ಬರಲಿಲ್ಲ. ಎರಡಾಯ್ತಲ್ಲ. ಆ ಹೆಂಗಸು ಒಂದು ಅಂತಾಳೆ."

"ಯಂತ್ರ ತಪ್ಪು ಮಾಡಿರಬೇಕು."

"ಯಂತ್ರ ತಪ್ಪು ಅಂದ್ರೆ ಇಪ್ಪತ್ತು ಸಾವಿರಾನೂ ತಪ್ಪು. ನಿನ್ನ ಅಂಗಡಿ ಹೋಗತ್ತೆ ಮಾರಾಯ."

"ಹಾಗಾದ್ರೆ ಯಂತ್ರ ಸರಿ," ಬಾಸಿಲ್ ಗಟ್ಟಿಯಾಗಿ ಹೇಳಿದ.

"ಸರಿ ಆದ್ರೆ, ಹೋಗದೇ ಇರೋದೊಂದು ಆ ಕಡೆಯಿಂದ ಬಂದಿದೆ."

ಸ್ವಲ್ಪ ಹೊತ್ತು ಇಬ್ಬರೂ ಕಿಟಕಿಯ ಕಡೆ ನೋಡಲಿಲ್ಲ. ಹೊರಗೆ ಮತ್ತೆ ಮಂಜು ಇಳಿಯುತ್ತಿತ್ತು. ಒದಿಲ್ ಲೋಟ ಕೆಳಗಿಟ್ಟು, ಅಕ್ಕನ ಮನೆಯಲ್ಲಿ ಮಲಗುತ್ತೇನೆ, ಊರೊಳಗೆ ಜನ ಇರುತ್ತಾರೆ ಎಂದು ಎದ್ದಳು. ಸೈಕಲ್ಲಿನ ಮಾತೇ ಎತ್ತಲಿಲ್ಲ. ಬಾಗಿಲು ದಾಟಿದವಳು ಗೇಟಿನ ಹತ್ತಿರ ಸ್ವಲ್ಪ ನಿಂತು ನೋಡಿ, ತಿರುಗಿ ಬಂದು ಮೆಲ್ಲಗೆ ಹೇಳಿದಳು.

"ಬಂದಿದ್ದು ವಾಪಸ್ ಹೋಗೋಣ ಅಂದ್ರೂ ಆ ಹೆಂಗಸು ದಾರಿಗೆ ಬೀಗ ಹಾಕಿ ಹೋಗಿದಾಳೆ, ಬಾಸಿಲ್. ಈ ಕಡೆ ದೀಪ ಇರೋದು ನಿಂದೊಂದೇ ಅಂಗಡೀಲಿ."

ಅವಳ ಹೆಜ್ಜೆಯ ಸದ್ದು ಊರಿನ ಕಡೆ ಬೇಗ ಬೇಗ ದೂರವಾಯಿತು. ಬಾಸಿಲ್ ದೀಪ ಆರಿಸಲು ಕೈ ಎತ್ತಿದ. ಹೊರಗೆ ಯಾರೋ ಗೋಡೆಗೆ ಸೈಕಲ್ ಒರಗಿಸಿದ ಸದ್ದಾಯಿತು.