ಮೊಲದ ಚಪ್ಪಲಿ ಮತ್ತು ಅರ್ಧ ಆಂಪಿಯರ್

ನನ್ನ ಹೆಂಡತಿಗೆ ಪಾದ ತಣ್ಣಗಾದರೆ ಮಾತು ತೊದಲುತ್ತದೆ. (ನನ್ನನ್ನು ಬೈಯುವಾಗ ಮಾತ್ರ ಈ ತೊಂದರೆ ಕಂಡದ್ದಿಲ್ಲ.) ಹಾಗಾಗಿ ಅವಳ ಸಂದರ್ಶನ ಮನೆಯ ಕಂಪ್ಯೂಟರಿನಲ್ಲೇ ನಡೆಯಲಿದೆ ಎಂದು ತಿಳಿದಾಗ ನನ್ನೊಳಗಿನ ಪತಿಶಿರೋಮಣಿ ಎಚ್ಚೆತ್ತ. ಮಿಕ್ಸಿ, ಇಸ್ತ್ರಿಪೆಟ್ಟಿಗೆ ಮಾರುವ ಕಂಪನಿ. ಗಿರಾಕಿಗಳ ದೂರು ಕೇಳುವ ವಿಭಾಗಕ್ಕೆ ಮುಖ್ಯಸ್ಥೆ ಬೇಕಾಗಿತ್ತು. ಮಕ್ಕಳಿಗಾಗಿ ಕೆಲಸ ಬಿಟ್ಟಿದ್ದವಳು ಮತ್ತೆ ಹೊರಟಿದ್ದಳು. ಕನ್ನಡಿಯ ಮುಂದೆ ಅವಳು ಉತ್ತರ ಉರುಹೊಡೆಯುವುದನ್ನು ಕಂಡು ನಾನೂ ತಯಾರಿಗೆ ನಿಂತೆ.

ಅಂಗಡಿಗೆ ಓಡಿ ಯುದ್ಧಸಾಮಗ್ರಿ ತಂದೆ. ಬಿಸಿಯಾಗುವ ಮೊಲದಾಕಾರದ ಚಪ್ಪಲಿ, ಕಾಫಿ ಆರದಂತೆ ಕಾಯುವ ತಟ್ಟೆ, ಬೆವರಾರಿಸುವ ಪುಟಾಣಿ ಫ್ಯಾನು. (ಕಾಲಿಗೆ ಬಿಸಿ, ಮುಖಕ್ಕೆ ತಂಪು: ಸಮಗ್ರ ಹವಾಮಾನ ನೀತಿ!) ಎಲ್ಲಕ್ಕೂ ಕಂಪ್ಯೂಟರಿನ ಪೋರ್ಟಿನಿಂದಲೇ ಕರೆಂಟು, ಒಂದು ಪೋರ್ಟನ್ನು ನಾಲ್ಕಾಗಿಸುವ ಹಬ್ ಎಂಬ ಡಬ್ಬಿಯ ಮೂಲಕ.

"ರೀ, ಆ ಪೋರ್ಟು ಕೊಡೋದೇ ಅರ್ಧ ಆಂಪಿಯರ್. ಕ್ಯಾಮೆರಾನೂ ಅದೇ ಹಬ್‌ನಲ್ಲಿದೆ. ಹಬ್ ಹಾಕಿದ್ರೆ ತೂತು ಜಾಸ್ತಿ ಆಗುತ್ತೆ, ಕರೆಂಟ್ ಜಾಸ್ತಿ ಆಗಲ್ಲ."

"ಹಬ್ ಅಲ್ಲ ಕಣೇ, ಹಬ್ಬ! ಎಲ್ಲಾ ಹಂಚ್ಕೊಂಡು ತಿನ್ನುತ್ವೆ ಬಿಡು."

"ಚಪ್ಪಲಿ ಒಂದೇ ಎಲ್ಲರ ಪಾಲೂ ನುಂಗುತ್ತೆ. ಮುಟ್ಟಬೇಡಿ!"

ಮುಟ್ಟಲಿಲ್ಲ, ಸಂದರ್ಶನ ಶುರುವಾಗುವವರೆಗೆ. ಮೂರನೇ ಉತ್ತರದಲ್ಲಿ ಅವಳ ದನಿ ಕೊಂಚ ನಡುಗಿದಂತಾಯಿತು. ನಾನು ಮೇಜಿನ ಕೆಳಗೆ ಅಂಬೆಗಾಲಿಟ್ಟು ಹೋಗಿ, ಅವಳು ಒದೆಯುತ್ತಿದ್ದರೂ ಬಿಡದೆ ಚಪ್ಪಲಿ ತೊಡಿಸಿ, ಎಲ್ಲ ವೈರುಗಳನ್ನೂ ಹಬ್‌ಗೆ ಸಿಕ್ಕಿಸಿದೆ. ಫ್ಯಾನು ಒಮ್ಮೆ ನರಳಿತು. ಹಬ್ಬವೆಲ್ಲ ಕತ್ತಲಾಯಿತು.

"ಮೇಡಂ, ನೀವು ಕಾಣ್ತಿಲ್ಲ," ಎಂದರು ಕಂಪನಿಯ ಯಜಮಾನರು.

ಕ್ಯಾಮೆರಾ ಸತ್ತರೂ ಕಂಪ್ಯೂಟರಿನ ಕಿವಿ ಬದುಕಿದೆ ಎಂದು ನನಗೇನು ಗೊತ್ತು? "ನಾನೇನೂ ಮಾಡಿಲ್ಲ!" ಎಂದು ಅಬ್ಬರಿಸಿದೆ. "ಈ ಡಬ್ಬಾ ಕಂಪ್ಯೂಟರೇ ಸರಿ ಇಲ್ಲ! ಮಾರಿದವನಿಗೆ ನೀರಿಳಿಸ್ತೀನಿ!"

ಹೆಂಡತಿ ಬೈಯುತ್ತಾಳೆಂದು ಕುತ್ತಿಗೆ ಒಳಗೆಳೆದುಕೊಂಡೆ. ಬಂದದ್ದು ಜೇನಿನಂಥ ದನಿ.

"ನಿಮಗೆ ಬೇಜಾರಾಗಿದೆ, ಅರ್ಥ ಆಗುತ್ತೆ. ಕೊನೆಗೆ ಯಾವ ವೈರು ಹಾಕಿದ್ರಿ?"

"ಯಾವುದೂ ಇಲ್ಲ!"

"ಸರಿ. ಆ ಯಾವುದೂ ಅಲ್ಲದ ವೈರನ್ನ ಒಂದ್ಸಲ ತೆಗೀತೀರಾ? ತೆಗೆದ್ರಾ? ಈಗ ಹಬ್ ಕಿತ್ತು ಮತ್ತೆ ಹಾಕಿ. ತುಂಬಾ ಚೆನ್ನಾಗಿ ಮಾಡಿದ್ರಿ."

ಅವಳ ಕಾಲಿನ ಚಪ್ಪಲಿಯನ್ನೂ ಕಳಚಿಕೊಂಡು ಮೇಜಿನಡಿಯಿಂದ ಎದ್ದೆ. ಕ್ಯಾಮೆರಾ ಕಣ್ಣು ಬಿಟ್ಟಿತು. ಪರದೆಯ ತುಂಬ ನಾನೇ: ಕೆದರಿದ ತಲೆ, ಎದೆಗವಚಿಕೊಂಡ ಮೊಲದ ಚಪ್ಪಲಿ.

ಯಜಮಾನರು ಕಣ್ಣೊರೆಸಿಕೊಂಡರು. ಅಳುವಲ್ಲ, ನಗು. "ಕೊನೇ ಪ್ರಶ್ನೆ ಮೇಡಂ. ಇಂಥ ಗಿರಾಕಿಗಳನ್ನ ಎಷ್ಟು ಕಾಲದಿಂದ ನಿಭಾಯಿಸ್ತಿದ್ದೀರಿ?"

"ಮದುವೆ ಆದಾಗಿಂದ, ಸಾರ್."

"ಸೋಮವಾರದಿಂದ್ಲೇ ಬನ್ನಿ!"

ಕುಣಿದಾಡಿದೆ, ಕೆಲಸ ಸಿಕ್ಕಿದ್ದು ನನ್ನಿಂದಲೇ ಎಂದು ಓಣಿಗೆಲ್ಲ ಸಾರಿದೆ. ನನ್ನ ಕೊಡುಗೆಯನ್ನು ಕಂಪನಿಯೂ ಮರೆತಿಲ್ಲ. ಆ ಸಂದರ್ಶನ ರೆಕಾರ್ಡ್ ಆಗಿತ್ತಂತೆ. ದೂರು ವಿಭಾಗಕ್ಕೆ ಸೇರುವ ಪ್ರತಿಯೊಬ್ಬರಿಗೂ ಈಗ ಮೊದಲು ಅದನ್ನೇ ತೋರಿಸುತ್ತಾರೆ. ಪಾಠ ಮಾಡುವವಳು ನನ್ನ ಹೆಂಡತಿ. ಬೇಕಾದಲ್ಲಿ ನನ್ನನ್ನು ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ಮತ್ತೊಮ್ಮೆ ಓಡಿಸುತ್ತಾಳೆ.